ಇಬ್ಬರ ಹೊಟ್ಟೆನೋವು

ಘಟಪ್ರಭೆಯ ದಂಡೆಯಲ್ಲಿ ಅಡವಯ್ಯಜ್ಜನ ಮಠ. ಅಜ್ಜ ನಾಡಿ ನೋಡಿ ಔಷಧಿ ಕೊಡುತ್ತಿದ್ದರು. ಶಿಷ್ಯ ಬಸಲಿಂಗ ಆರು ವರ್ಷದಿಂದ ಬೇರು ಅರೆಯುತ್ತ, ಕಷಾಯ ಕಾಸುತ್ತ ಅಲ್ಲೇ ಇದ್ದ.

ಒಂದು ಬೆಳಿಗ್ಗೆ ಅಜ್ಜ, ಇವತ್ತು ಬಂದವರನ್ನು ನೀನೇ ನೋಡು ಎಂದರು. ಬಸಲಿಂಗನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬಂದವರು ಇಬ್ಬರು. ಇಬ್ಬರದೂ ಹೊಟ್ಟೆನೋವು, ಭೇದಿ.

ನೇಕಾರರ ನೀಲವ್ವ, ಮೂವತ್ತರ ಹೆಂಗಸು, ಹೊಟ್ಟೆ ಹಿಡಿದುಕೊಂಡು ಅತ್ತಳು. ಇದು ದೊಡ್ಡ ರೋಗವೇ ಎಂದು ಬಸಲಿಂಗ ಅವಳನ್ನು ಮಠದ ಪಡಸಾಲೆಯಲ್ಲಿ ಮಲಗಿಸಿದ. ಅಂಬಿಗ ದ್ಯಾವಪ್ಪ ಅರವತ್ತರ ಹತ್ತಿರದವನು. ಸ್ವಲ್ಪ ನೋಯುತ್ತದೆ ಎಂದು ನಗುತ್ತಲೇ ಹೇಳಿದ. ಬಸಲಿಂಗ ಅವನಿಗೆ ಶುಂಠಿಪುಡಿಯ ಪೊಟ್ಟಣ ಕೊಟ್ಟು ಕಳಿಸಿಬಿಟ್ಟ.

ಆಮೇಲೆ ಅಜ್ಜನೆದುರು ನಿಂತು ನಾಡಿ ಹೇಗಿತ್ತು, ನಾಲಿಗೆ ಹೇಗಿತ್ತು, ಎಲ್ಲಿ ಒತ್ತಿದರೆ ನೋಯಿತು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ.

"ಅಕೀಗೆ ಯಾವಾಗಿಂದ ನೋವು?"

"ಕೇಳಲಿಲ್ಲ ಅಜ್ಜಾರ."

"ಅವಗ?"

"ಅವಗೂ ಕೇಳಲಿಲ್ಲ."

ಅಜ್ಜ ಎದ್ದು, ಶಿಷ್ಯನ ಎರಡೂ ಕೈಗಳನ್ನು ಅವನದೇ ಶಲ್ಯದಿಂದ ಬೆನ್ನ ಹಿಂದೆ ಕಟ್ಟಿದರು.

"ಈಗ ನೋಡಿ ಬಾ."

ಮುಟ್ಟುವಂತಿಲ್ಲ, ಒತ್ತುವಂತಿಲ್ಲ. ಬಸಲಿಂಗ ನೀಲವ್ವನ ಪಕ್ಕ ಕುಳಿತು ಕೇಳತೊಡಗಿದ. ನೋವು ಎಂಟು ವರ್ಷದ್ದಂತೆ. ಸೀರೆ ನೇಯ್ದು ಒಪ್ಪಿಸುವ ದಿನ ಹತ್ತಿರ ಬಂದರೆ ಹೊಟ್ಟೆ ಉಬ್ಬರಿಸುತ್ತದೆ, ನುಲಿಯುತ್ತದೆ, ಸಂಡಾಸಕ್ಕೆ ಹೋಗಿಬಂದರೆ ಹಗುರ. ಮಲಗಿದರೆ ಎಚ್ಚರವಿಲ್ಲದ ನಿದ್ದೆ. ಮೈ ಇಳಿದಿಲ್ಲ, ರಕ್ತ ಬಿದ್ದಿಲ್ಲ, ಜ್ವರವಿಲ್ಲ.

ಕೇಳುತ್ತ ಕೇಳುತ್ತ ಬಸಲಿಂಗ ತಟ್ಟನೆ ಎದ್ದು ನಿಂತ. ಇವೇ ಪ್ರಶ್ನೆಗಳನ್ನು ದ್ಯಾವಪ್ಪನಿಗೆ ಕೇಳಿದ್ದರೆ?

ಕೈ ಕಟ್ಟಿದ್ದಂತೆಯೇ ಹೊಳೆಯತ್ತ ಓಡಿದ. ದೋಣಿ ದಂಡೆ ಬಿಟ್ಟಿತ್ತು. ಮೊಣಕಾಲುದ್ದ ನೀರಿಗಿಳಿದು ಕೂಗಿದ. ದ್ಯಾವಪ್ಪ ದೋಣಿಯನ್ನು ಹತ್ತಿರ ತಂದು, ಅವನನ್ನು ರಟ್ಟೆ ಹಿಡಿದು ಮೇಲೆಳೆದುಕೊಂಡು, ನಗುತ್ತ ಶಲ್ಯದ ಗಂಟು ಬಿಚ್ಚಿದ.

ನಡುಹೊಳೆಯಲ್ಲಿ ಬಸಲಿಂಗ ಒಂದೊಂದಾಗಿ ಕೇಳಿದ. ನೋವು ಬರೀ ಮೂರು ತಿಂಗಳದ್ದು. ಮೊದಲು ಎಂದೂ ಇರಲಿಲ್ಲ. ಗಾಢ ನಿದ್ದೆಯಿಂದಲೂ ಎಬ್ಬಿಸುತ್ತದೆ. ಊಟ ಸೇರುವುದಿಲ್ಲ, ಉಡಿದಾರವನ್ನು ಎರಡು ಸಲ ಬಿಗಿ ಮಾಡಿಕೊಂಡಿದ್ದಾನೆ. ಕೊನೆಯ ಪ್ರಶ್ನೆಗೆ ದ್ಯಾವಪ್ಪ ದೋಣಿಯಲ್ಲಿದ್ದವರ ಕಡೆ ನೋಡಿ, ದನಿ ತಗ್ಗಿಸಿ, ಹೌದು, ರಕ್ತ ಬೀಳುತ್ತದೆ ಎಂದ.

"ಇದನ್ನ ಮುಂಜಾನೆ ಯಾಕ ಹೇಳಲಿಲ್ಲ ಕಾಕಾ?"

"ನೀ ಕೇಳಲಿಲ್ಲಲ್ಲೋ ತಮ್ಮಾ."

ಬಸಲಿಂಗ ದ್ಯಾವಪ್ಪನನ್ನು ಮಠಕ್ಕೆ ಕರೆತಂದ. ಅಜ್ಜ ತಡಮಾಡಲಿಲ್ಲ. ಇದು ನನ್ನ ಕೈಯಲ್ಲಿ ವಾಸಿಯಾಗುವುದಲ್ಲ ಎಂದು ಚೀಟಿ ಬರೆದು, ದ್ಯಾವಪ್ಪನನ್ನು ಮಗನೊಡನೆ ಮಧ್ಯಾಹ್ನದ ಬಸ್ಸಿಗೆ ಪಟ್ಟಣದ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಡಾಕ್ಟರು, ವೇಳೆಗೆ ಸರಿಯಾಗಿ ಬಂದಿರಿ ಎಂದು ಹೇಳಿ ಅದನ್ನು ತೆಗೆದರು. ಕೆಲವು ತಿಂಗಳಲ್ಲಿ ದ್ಯಾವಪ್ಪ ಮತ್ತೆ ದೋಣಿಯ ಹುಟ್ಟು ಹಿಡಿದ. ಅದು ಮುಂದಿನ ಮಾತು.

ಆ ದಿನ ಬಸ್ಸು ಹೋದ ಮೇಲೂ ಬಸಲಿಂಗನ ಉತ್ಸಾಹ ಇಳಿದಿರಲಿಲ್ಲ. ಇಬ್ಬರ ಕಥೆಯನ್ನೂ ಅಕ್ಕಪಕ್ಕ ಇಟ್ಟು ಅಜ್ಜನಿಗೆ ಹೇಳಿದ. ಹೇಳುತ್ತಲೇ ಪಡಸಾಲೆಯತ್ತ ಹೊರಟ.

"ನೀಲವ್ವಗ ಏನೂ ಇಲ್ಲ ಅಜ್ಜಾರ. ಹಂಗಂತ ಹೇಳಿ ಮನಿಗೆ ಕಳಿಸಿಬರ್ತೀನಿ."

ಅಜ್ಜ ಅವನನ್ನು ತಡೆದರು.

"ಕರುಳು ಕೆಟ್ಟಿಲ್ಲ ಅಂತ ಹೇಳು. ನೋವಿಲ್ಲ ಅಂತ ಮಾತ್ರ ಹೇಳಬ್ಯಾಡ."