ದ್ಯಾಮಣ್ಣನ ಸ್ವಂತ ಕೆಲಸ

ಮಕ್ಕಳೇ, ನೆಟ್ಟಗೆ ಕುಳಿತುಕೊಳ್ಳಿ. ಕೆರೆಯ ಆಚೆಗಿನ ತೋಪಿನಲ್ಲಿ ದ್ಯಾಮಣ್ಣ ಎಂಬ ಮರಕುಟಿಗನಿದ್ದ. ಮರದಲ್ಲಿ ಪೊಟರೆ ಕೊರೆಯುವುದು ಅವನ ಕಸುಬು. ಗಿಣಿ, ಮೈನಾ, ಹಾಲಕ್ಕಿ, ಹೀಗೆ ಕೊಕ್ಕಿದ್ದೂ ಕೊರೆಯಲು ಬಾರದ ಹಕ್ಕಿಗಳೆಲ್ಲ ಅವನು ಕೊರೆದ ಪೊಟರೆಗಳಲ್ಲೇ ಮೊಟ್ಟೆಯಿಡುತ್ತಿದ್ದವು. ಆದರೆ ಹೆಸರು ಅವನದಾಗಿರಲಿಲ್ಲ. ಅವನು ಕೋಗಿಲೆ ಮಾಧವರಾಯರ ಕೈಕೆಳಗೆ ಕೆಲಸಕ್ಕಿದ್ದ.

ಮಾಧವರಾಯರು ಹುಟ್ಟಿದ್ದು ಕಾಗೆಯ ಗೂಡಿನಲ್ಲಿ. ಅವರ ಮಕ್ಕಳು ಬೆಳೆದದ್ದೂ ಕಾಗೆಯ ಗೂಡಿನಲ್ಲಿ. ಆಯುಸ್ಸಿನಲ್ಲಿ ಒಂದು ಕಡ್ಡಿಯನ್ನೂ ಎತ್ತಿಟ್ಟವರಲ್ಲ. ಅಂಥವರು ತೋಪಿಗೆಲ್ಲ ಮನೆ ಮಾಡಿಸಿಕೊಡುವ ಕಂಟ್ರಾಕ್ಟರ್ ಆದದ್ದು ಹೇಗೆ ಎಂದು ನೀವು ಕೇಳಬಹುದು. ಕಂಠ ಚೆನ್ನಾಗಿತ್ತು, ಅಷ್ಟೇ.

ಮನೆ ಮಾಡಿಸಿಕೊಂಡವರು ತಂದುಕೊಡುವ ಅತ್ತಿಹಣ್ಣೆಲ್ಲ ರಾಯರ ಪಾಲು. "ಕೊರೆಯುವಾಗ ಮರದೊಳಗೆ ಸಿಕ್ಕ ಹುಳವೆಲ್ಲ ನಿನ್ನದೇ ಕಣೋ. ನಾನು ಒಂದನ್ನೂ ಮುಟ್ಟುವುದಿಲ್ಲ" ಎಂದು ಅವರು ದ್ಯಾಮಣ್ಣನಿಗೆ ದೊಡ್ಡ ಮನಸ್ಸಿನಿಂದ ಹೇಳುತ್ತಿದ್ದರು.

ದ್ಯಾಮಣ್ಣನಿಗೆ ಅಪ್ಪನಿಂದ ಕಲಿತ ಒಂದು ಪದ್ಧತಿ ಇತ್ತು. ಕೊರೆಯುವ ಮುಂಚೆ ಕೊಂಬೆಯನ್ನು ಬುಡದಲ್ಲಿ, ನಡುವೆ, ತುದಿಯಲ್ಲಿ ತಟ್ಟಿ ಕಿವಿಯಿಟ್ಟು ಕೇಳುತ್ತಿದ್ದ. ಟಣ್ ಎಂದರೆ ಗಟ್ಟಿ. ಬೊದ್ ಎಂದರೆ ಒಳಗೆ ಕೊಳೆತಿದೆ, ಜೋರು ಗಾಳಿ ಬಂದರೆ ಮನೆಯೂ ಮಂದಿಯೂ ನೆಲಕ್ಕೆ.

ಒಂದು ಬೆಳಗ್ಗೆ ರಾಯರು ಬಂದು ನೋಡಿದರೆ ದ್ಯಾಮಣ್ಣ ಇನ್ನೂ ತಟ್ಟುತ್ತಲೇ ಇದ್ದಾನೆ.

"ಏನೋ ಇದು? ಕೊರೆಯೋ ಅಂದರೆ ಬಾಗಿಲು ತಟ್ಟುತ್ತಿದ್ದೀಯ. ಒಳಗಿನಿಂದ ಯಾರಾದರೂ ಬನ್ನಿ ಅಂದರೇ?"

"ಕೊಂಬೆ ಬೊದ್ ಅನ್ನುತ್ತಿದೆ ಯಜಮಾನರೇ. ಬೇರೆ ನೋಡೋಣ."

"ಬೊದ್ ಅಂದದ್ದು ನಿನ್ನ ತಲೆ. ಮೈನಾ ದಂಪತಿಗೆ ಬರುವ ವಾರ ಗೃಹಪ್ರವೇಶ ಅಂತ ಮಾತು ಕೊಟ್ಟಾಗಿದೆ. ಕೊರಿ, ಕೊರಿ."

"ಬಿದ್ದರೆ?"

"ಬಿದ್ದರೆ ಗಾಳಿ ಬೀಳಿಸಿತು ಅಂದರಾಯಿತು. ಗಾಳಿ ಬಂದು ಜಗಳವಾಡುತ್ತದೆಯೇ?"

"ಹಾಗಾದರೆ ಕೊರೆಯುವುದಕ್ಕೂ ಗಾಳಿಯನ್ನೇ ಕರೆಯಿರಿ" ಎಂದು ದ್ಯಾಮಣ್ಣ ಹಾರಿಹೋದ.

ಸ್ವಂತ ಕೆಲಸದ ಮೊದಲ ದಿನ ಸ್ವಲ್ಪ ಕಷ್ಟವಾಯಿತು. ಬೆಳಗ್ಗೆ ಎದ್ದು ಬೈಗುಳಕ್ಕೆ ಕಾದ. ಯಾರೂ ಬೈಯಲಿಲ್ಲ. ತಿಂಡಿಗೆ ಹೋಗಲೇ ಎಂದು ಯಾರನ್ನು ಕೇಳಬೇಕೋ ತಿಳಿಯದೆ ಮಧ್ಯಾಹ್ನದವರೆಗೆ ಉಪವಾಸ ಕುಳಿತ. ಆಮೇಲೆ ತನಗೆ ತಾನೇ ರಜೆ ಕೊಟ್ಟುಕೊಂಡು ಇರುವೆ ತಿಂದು ಬಂದ.

ಕೆಲಸ ಕೇಳಿಕೊಂಡು ಯಾರೂ ಬಾರದಿದ್ದಾಗ, ಸುಮ್ಮನೆ ಇರಲಾರದೆ ಹೊಂಗೆ ಮರದಲ್ಲಿ ತನಗಾಗಿ ಒಂದು ಪೊಟರೆ ಕೊರೆದ. ಎಂಟು ದಿನದ ಕೆಲಸ. ಇತರರಿಗೆ ನೂರು ಮನೆ ಮಾಡಿಕೊಟ್ಟವನಿಗೆ ತನ್ನದೆಂಬ ಮನೆ ಇದೇ ಮೊದಲು. ಸಾಯಂಕಾಲ ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋಗಿ ನೋಡುತ್ತಿದ್ದ.

ಅತ್ತ ರಾಯರು ಅವನ ಜಾಗಕ್ಕೆ ಒಂದು ಕಾಗೆಯನ್ನು ಹಾಕಿಕೊಂಡಿದ್ದರು. ಸಂಸಾರವನ್ನೇ ಕಾಗೆಯ ತಲೆಗೆ ಕಟ್ಟಿದವರಿಗೆ ಕೆಲಸ ಕಟ್ಟುವುದು ಏನು ಕಷ್ಟ? ಮೈನಾ ದಂಪತಿಯ ಮನೆ ಗೃಹಪ್ರವೇಶದ ಮಾರನೆಯ ದಿನವೇ ನೆಲಕ್ಕೆ ಬಿತ್ತು. ರಾಯರು ಗಾಳಿಯನ್ನು ಪಂಚಮ ಸ್ವರದಲ್ಲಿ ಬೈದರು.

ಅಲ್ಲಿಂದ ದ್ಯಾಮಣ್ಣನ ಮರದ ಮುಂದೆ ಹಕ್ಕಿಗಳ ಸಾಲು. ಮೈನಾಗಳು ಬಂದವು. ಹಾಲಕ್ಕಿ ದಂಪತಿ ಬಂದು, "ಸದ್ದಾಗದ ಹಾಗೆ ಕೊರೆಯಪ್ಪ, ನಾವು ಹಗಲು ಮಲಗುವವರು" ಎಂದರು. ಕೂಲಿಗೆಂದು ಒಬ್ಬರು ಗೆದ್ದಲಿನ ಹುತ್ತ ತೋರಿಸಿದರು, ಇನ್ನೊಬ್ಬರು ಇರುವೆಯ ಗೂಡು ತೋರಿಸಿದರು. ದ್ಯಾಮಣ್ಣನ ಹೊಟ್ಟೆ ತುಂಬಿತು. ಹೊಟ್ಟೆ ತುಂಬಿದ ಮೇಲೆ ತಲೆಯೂ ತುಂಬಿತು. "ನಾನು ಕೈಹಾಕಿದ ಮರ ಬೀಳುವುದುಂಟೇ?" ಎನ್ನತೊಡಗಿದ.

ಆಗ ಬಂದವಳು ಗಿಣಿ ಗಿರಿಜಮ್ಮ. ತುಂಬಿದ ಬಸುರಿ.

"ನೋಡಪ್ಪ ದ್ಯಾಮಣ್ಣ, ಮೊಟ್ಟೆಯಿಡುವುದು ಇವತ್ತೋ ನಾಳೆಯೋ, ಎಂಟು ದಿನ ಕಾಯಲಾರೆ. ಬೂರುಗದ ಮರದಲ್ಲೇ ಮನೆ ಬೇಕು. ಅದರ ಕೆಂಪು ಹೂವು ನನ್ನ ಕೊಕ್ಕಿಗೆ ಒಪ್ಪುತ್ತದೆ."

ಅವತ್ತು ದ್ಯಾಮಣ್ಣನಿಗೆ ಇನ್ನೂ ಮೂರು ಕಡೆ ಕೆಲಸವಿತ್ತು. ನೇರವಾಗಿ ಕೊರೆಯಲು ಶುರುಮಾಡಿದ.

"ತಟ್ಟಿ ನೋಡುವುದಿಲ್ಲವೇ? ನೀನು ತಟ್ಟಿ ನೋಡುತ್ತೀಯ ಅಂತಲೇ ಬಂದದ್ದು."

"ಅಮ್ಮಾ, ನನಗೆ ಕಣ್ಣಿನಲ್ಲಿ ನೋಡಿದರೇ ಗೊತ್ತಾಗುತ್ತದೆ. ಎಷ್ಟು ವರ್ಷದ ಅನುಭವ!"

ಮರ ಬೆಣ್ಣೆಯ ಹಾಗೆ ಬಂತು. ಎಂಟು ದಿನದ ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು. ಬೆಣ್ಣೆಯ ಹಾಗೆ ಏಕೆ ಬಂತು ಎಂದು ಅವನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ತನ್ನ ಕೊಕ್ಕನ್ನು ತಾನೇ ಮೆಚ್ಚಿಕೊಂಡ.

ಮರುದಿನ ಬೆಳಗ್ಗೆ ಗಾಳಿ ಎದ್ದಿತು. ಅಂಥ ದೊಡ್ಡ ಗಾಳಿಯೇನೂ ಅಲ್ಲ. ಬೂರುಗದ ಕೊಂಬೆ ಲಟಕ್ಕೆಂದು ಮುರಿದು ಬಿತ್ತು. ಬಾಗಿಲಲ್ಲಿ ನಿಂತಿದ್ದ ಗಿರಿಜಮ್ಮ ಹೇಗೋ ಹಾರಿ ಬಚಾವಾದಳು. ಮೊಟ್ಟೆ ಇನ್ನೂ ಹೊಟ್ಟೆಯಲ್ಲೇ ಇದ್ದದ್ದು ಪುಣ್ಯ. ಆದರೆ ಅವು ಸಂಜೆಯವರೆಗೆ ಕಾಯುವ ಹಾಗಿರಲಿಲ್ಲ.

ದ್ಯಾಮಣ್ಣ ಓಡೋಡಿ ಬಂದ. ಕೊಕ್ಕು ತೆರೆದ. "ಗಾಳಿ..." ಎಂದ.

"ಗಾಳಿ ಅನ್ನಬೇಡ!" ಗಿರಿಜಮ್ಮ ರೆಕ್ಕೆ ಕೊಡವಿದಳು. "ಆ ಮಾತೇ ಬೇಕಿದ್ದರೆ ರಾಯರ ಹತ್ತಿರ ಹೋಗುತ್ತಿದ್ದೆ. ಅವರಾದರೆ ರಾಗವಾಗಿ ಹೇಳುತ್ತಾರೆ. ಹೇಳು, ಈಗ ನಾನು ಎಲ್ಲಿ ಮೊಟ್ಟೆಯಿಡಲಿ? ನಿನ್ನ ತಲೆಯ ಮೇಲೆಯೇ?"

ದ್ಯಾಮಣ್ಣ ಹಿಂದೆ ತಿರುಗಿ ನೋಡಿದ, ತನ್ನ ಬದಲು ಬೈಸಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು. ಯಾರೂ ಇರಲಿಲ್ಲ. ಸ್ವಂತ ಕೆಲಸವೆಂದರೆ ಹಾಗೆಯೇ.

"ತಪ್ಪು ನನ್ನದು ಗಿರಿಜಮ್ಮನವರೇ" ಎಂದ. "ತಟ್ಟಿ ನೋಡಲಿಲ್ಲ. ಹೊಸ ಪೊಟರೆಗೆ ಎಂಟು ದಿನ ಬೇಕು. ಬನ್ನಿ, ಹೊಂಗೆ ಮರದಲ್ಲಿ ನನ್ನ ಮನೆ ಇದೆ. ಇವತ್ತಿನಿಂದ ಅದು ನಿಮ್ಮದು."

ಗಿರಿಜಮ್ಮ ಹೋಗಿ ನೋಡಿದಳು. ಗೋಡೆ ಕುಟ್ಟಿದಳು. ಒಳಗೆ ಮೂರು ಸುತ್ತು ತಿರುಗಿದಳು. "ಬಾಗಿಲು ಪಶ್ಚಿಮಕ್ಕಿದೆ. ಹೂವೂ ಕೆಂಪಲ್ಲ" ಎಂದಳು. ಆದರೆ ಹೊರಗೆ ಬರಲಿಲ್ಲ. ಸಂಜೆಯಾಗುವ ಮುಂಚೆ ಮೂರು ಮೊಟ್ಟೆಯಿಟ್ಟಳು.

ಸುದ್ದಿ ತೋಪಿಗೆಲ್ಲ ಹರಡಿತು. ಮರುದಿನ ಮಾಧವರಾಯರು ಹೊಂಗೆ ಮರಕ್ಕೇ ಬಂದರು. ದ್ಯಾಮಣ್ಣ ತನ್ನ ಮನೆಯ ಹೊರಗೆ, ಬರಿಯ ತೊಗಟೆಗೆ ಜೋತುಬಿದ್ದುಕೊಂಡಿದ್ದ.

"ಅಯ್ಯೋ ಮಂಕೇ!" ಎಂದರು ರಾಯರು, ಸಕ್ಕರೆಯಂಥ ದನಿಯಲ್ಲಿ. "ಸ್ವಂತ ಕೆಲಸ ಅಂತ ಹೋಗಿ ಇದ್ದ ಒಂದು ಮನೆಯನ್ನೂ ಕಳೆದುಕೊಂಡೆ. ನನ್ನ ಹತ್ತಿರವೇ ಇದ್ದಿದ್ದರೆ ಇದೆಲ್ಲ ನಿನ್ನ ತಲೆಗೆ ಬರುತ್ತಿತ್ತೇ? ಕಾಗೆಯನ್ನು ಓಡಿಸಿದ್ದೇನೆ. ನಾಳೆಯಿಂದ ಬಾ."

"ನಿಜ ಯಜಮಾನರೇ. ನಿಮ್ಮಲ್ಲೇ ಇದ್ದಿದ್ದರೆ ನನ್ನ ತಲೆಗೆ ಏನೂ ಬರುತ್ತಿರಲಿಲ್ಲ" ಎಂದ ದ್ಯಾಮಣ್ಣ. "ಗಿರಿಜಮ್ಮನವರು ಮಾತ್ರ ಬೀದಿಯಲ್ಲಿ ಮೊಟ್ಟೆಯಿಡಬೇಕಾಗುತ್ತಿತ್ತು."

"ಅವಳ ಗೊಡವೆ ನಿನಗೇಕೋ?"

"ನನ್ನ ಗಿರಾಕಿ ಅವರು."

ರಾಯರು ಗಂಟಲು ಸರಿಮಾಡಿಕೊಂಡು ಇನ್ನೊಂದು ರಾಗ ಎತ್ತುವಷ್ಟರಲ್ಲಿ ಪೊಟರೆಯಿಂದ ಕೆಂಪು ಕೊಕ್ಕೊಂದು ಹೊರಗೆ ಬಂತು.

"ಯಾರದು ಗಲಾಟೆ? ಇಲ್ಲಿ ಬಾಣಂತಿ ಮಲಗಿರುವುದು ಕಾಣುವುದಿಲ್ಲವೇ? ದ್ಯಾಮಣ್ಣ, ಎರಡು ಮೊಟ್ಟೆಗಳ ನಡುವೆ ನೆಲ ಸ್ವಲ್ಪ ಉಬ್ಬಿದೆ, ಬಂದು ಸಮ ಮಾಡು. ಮೆಲ್ಲಗೆ!"

"ಬಂದೆ ಅಮ್ಮಾ" ಎಂದು ದ್ಯಾಮಣ್ಣ ರಾಯರತ್ತ ಬೆನ್ನು ತಿರುಗಿಸಿ ಕೆಲಸಕ್ಕೆ ಹೋದ.

ನೀತಿ: ಸ್ವಂತ ಕೆಲಸಕ್ಕೆ ಇಳಿದವನಿಗೆ ಹೆಸರು ಮಾತ್ರವಲ್ಲ, ತಪ್ಪೂ ಸ್ವಂತದ್ದೇ.