ತಿಪ್ಪೇಶಿ ಬಿಟ್ಟ ಹೊಗೆ

ಹೊಳೆಸಾಲು ಸ್ಟೇಷನ್ನಿನ ಹಿಂದಿನ ಶೆಡ್ಡಿನಲ್ಲಿ ಒಂದು ಮುದಿ ಡೀಸೆಲ್ ಇಂಜಿನ್ನಿತ್ತು. ಅದನ್ನು ನೋಡಿಕೊಳ್ಳಲು ಬುಡೇನ್ ಸಾಬರಿದ್ದರು. ಡ್ರೈವರುಗಳೆಲ್ಲ ಅವರನ್ನು ಉಸ್ತಾದ್ ಅನ್ನುತ್ತಿದ್ದರು.

ಉಸ್ತಾದರು ಹೆಂಡತಿಯ ಮುಖಕ್ಕಿಂತ ಇಂಜಿನ್ನಿನ ಮುಖ ನೋಡಿದ್ದೇ ಹೆಚ್ಚು ಅಂತ ಊರು ಆಡಿಕೊಳ್ಳುತ್ತಿತ್ತು. ಊರು ಆಡಿಕೊಂಡಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಈ ಜಾತಿಯ ಇಂಜಿನ್ನು ಮೊದಮೊದಲು ಅಮೆರಿಕದಿಂದ ಹಡಗು ಹತ್ತಿ ಬಂದಾಗ, ಕಲ್ಲಿದ್ದಲು ಸುರಿಯುತ್ತಿದ್ದ ಹಳಬರು ಮೂಗು ಮುರಿದರಂತೆ. ಬೆಂಕಿ ಕಾಣದ್ದು ಎಂಥ ಒಲೆ ಅಂದರಂತೆ. ಆಮೇಲೆ ಅವರೇ ಒಬ್ಬೊಬ್ಬರಾಗಿ ಇದನ್ನು ಹತ್ತಿದರು.

ಈಗ ಕರೆಂಟಿನ ಇಂಜಿನ್ನು ಬಂತು. ಇದು ಮುದುಕಿಯಾಯಿತು. ಭಾನುವಾರ ಭಾನುವಾರ ನಾಲ್ಕು ಹಳೇ ಡಬ್ಬಿ ಕಟ್ಟಿಕೊಂಡು, ನೋಡೋಕೆ ಬಂದ ಪಟ್ಟಣದವರನ್ನು ಹೊಳೆಯ ತಿರುವಿನ ತನಕ ಸುತ್ತಿಸಿಕೊಂಡು ಬರುವುದಷ್ಟೇ ಅದರ ಕೆಲಸ.

ಉಸ್ತಾದರು ರಿಟೈರಾಗಿದ್ದರು. ಆದರೂ ಅವರು ಹೂಂ ಅಂದವನ ಕೈಗೇ ಆ ಇಂಜಿನ್ನಿನ ಹ್ಯಾಂಡಲ್ಲು.

ಶಿಷ್ಯ ತಿಪ್ಪೇಶಿಗೆ ಆ ಹೂಂ ಬೇಕಿತ್ತು. ಹೆಣ್ಣು ಕೇಳಲು ಹೋದಾಗಲೂ ಆಸಾಮಿ ಇಷ್ಟು ಗೋಗರೆದಿರಲಿಲ್ಲ. ಓಡಿಸು, ನಾನು ಪಕ್ಕದಲ್ಲಿ ಕೂತಿರ್ತೀನಿ, ಆಮೇಲೆ ನೋಡೋಣ ಅಂದಿದ್ದರು ಉಸ್ತಾದರು.

ಹೊಳೆಯ ತಿರುವಿನಲ್ಲಿ ಒಂದು ಪದ್ಧತಿ ಉಂಟು. ಜನ ಇಳಿದು ಸಾಲಾಗಿ ನಿಲ್ಲುವುದು, ಗಾಡಿ ಒಂದಿಷ್ಟು ಹಿಂದೆ ಹೋಗಿ ಮತ್ತೆ ಅವರ ಮುಂದೆ ಹಾದು ಬರುವುದು, ಅವರು ಫೋಟೋ ಹೊಡೆಯುವುದು.

ಆ ಭಾನುವಾರ ಸಾಲಿನಲ್ಲಿ ಕಪ್ಪು ಕನ್ನಡಕದವಳೊಬ್ಬಳಿದ್ದಳು. ಡ್ರೈವರ್ ಸಾರ್, ಚೆನ್ನಾಗಿ ಹೊಗೆ ಬಿಡಿ ಅಂದಳು.

ಸಾರ್ ಅನ್ನಿಸಿಕೊಂಡ ತಿಪ್ಪೇಶಿಯ ಕಾಲು ನೆಲದ ಮೇಲಿರಲಿಲ್ಲ. ಒಂದೊಂದೇ ಮೆಟ್ಟಿಲು ಏರಿಸಬೇಕಾದ ಹ್ಯಾಂಡಲನ್ನು ಒಂದೇ ಸಲಕ್ಕೆ ಎಳೆದುಬಿಟ್ಟ. ಎಮ್ಮೆ ಹಿಂಡು ಎದ್ದು ಬಂದ ಹಾಗೆ ಕರ್ರಗೆ ಹೊಗೆ ಎದ್ದಿತು.

ಚಪ್ಪಾಳೆಯೋ ಚಪ್ಪಾಳೆ. ಕನ್ನಡಕದವಳು ಗಾಳಿಯಲ್ಲಿ ಮುತ್ತು ತೂರಿದಳು ಅಂತ ಕಂಡವರು ಹೇಳುತ್ತಾರೆ. ಬರೀ ಕೈ ಬೀಸಿದ್ದು ಅಂತ ತಿಪ್ಪೇಶಿ ಹೇಳುತ್ತಾನೆ. ಅವನ ಹೆಂಡತಿ ಏನು ಹೇಳಿದಳೋ, ಎರಡು ದಿನ ಅವನಿಗೆ ಹೋಟೆಲಿನಲ್ಲೇ ಊಟ.

ಗಾಡಿ ಶೆಡ್ಡಿಗೆ ಬಂತು. ತಿಪ್ಪೇಶಿ ಉಸ್ತಾದರ ಕಡೆ ತಿರುಗಿದ.

"ಹೆಂಗಿತ್ತು ಉಸ್ತಾದ್?"

"ಇಳಿ. ಹೊಳೆ ದಂಡೆಗೆ ಹೋಗಿ ಬರೋಣ."

ತಿರುವಿನ ಕೆಳಗೆ, ದಂಡೆಯ ಮೇಲೆ, ಮಡಿವಾಳರ ಹಾಲವ್ವ ಮದುವೆ ಮನೆಯ ಬಿಳೀ ಪಂಚೆಗಳನ್ನು ಹರವಿದ್ದಳು. ಬೆಳಗಾದರೆ ಮದುವೆ. ಪಂಚೆಗಳ ಮೇಲೆಲ್ಲ ಎಳ್ಳು ಚೆಲ್ಲಿದ ಹಾಗೆ ಜಿಡ್ಡು ಮಸಿ.

ಹಾಲವ್ವ ತಿಪ್ಪೇಶಿ ಹುಟ್ಟಿದ ಗಳಿಗೆಯಿಂದ ಬೈಯಲು ಶುರು ಮಾಡಿ ಅವನ ತಿಥಿಯೂಟದ ತನಕ ಬಂದಳು. ನಡುವೆ ಬಂದದ್ದನ್ನು ಬರೆಯುವ ಹಾಗಿಲ್ಲ. ಕೇಳೋಕೆ ಮಾತ್ರ ಬಲು ಚೆನ್ನಾಗಿತ್ತು.

ಉಸ್ತಾದರು ಬೂಟು ಬಿಚ್ಚಿದರು. ಪ್ಯಾಂಟನ್ನು ಮೊಣಕಾಲಿನ ತನಕ ಮಡಿಚಿದರು. ನೀರಿಗಿಳಿದು, ಒಂದು ಪಂಚೆ ಎತ್ತಿಕೊಂಡು, ಕಲ್ಲಿಗೆ ಬಡಿಯತೊಡಗಿದರು.

"ಉಸ್ತಾದ್, ನೀವ್ಯಾಕೆ? ಹೊಗೆ ಬಿಟ್ಟಿದ್ದು ನಾನು."

"ಕಲಿಸಿದ್ದು ನಾನು."

ತಿಪ್ಪೇಶಿಯೂ ನೀರಿಗಿಳಿದ.

ಹಾಲವ್ವ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಳು. "ಸಾಹೇಬ್ರೇ, ಆ ಅಂಚಿನಾಗೆ ಇನ್ನೂ ಐತಿ," ಅನ್ನುತ್ತಾ ಇಬ್ಬರಿಗೂ ಕೆಲಸ ತೋರಿಸಿದಳು.

ಇತ್ತ ಬುಡೇನ್ ಸಾಬರು ಹಾಲವ್ವನ ಜೊತೆ ಮೊಣಕಾಲುದ್ದ ನೀರಿನಲ್ಲಿದ್ದಾರಂತೆ ಅಂತ ಬೀದಿಯಲ್ಲೆಲ್ಲ ಸುದ್ದಿಯಾಗಿತ್ತು. ಸುದ್ದಿ ಅವರ ಹೆಂಡತಿ ಮೈಮೂನಾಬಿಯ ಕಿವಿಗೂ ಬಿತ್ತು. ಆಕೆ ಸೆರಗು ತಲೆಗೆಳೆದುಕೊಂಡು ಹೊರಟರೆ, ಜಗಳ ನೋಡೋಕೆ ಹಿಂದೆ ಅರ್ಧ ಬೀದಿ ಹೊರಟಿತು.

ಮೈಮೂನಾಬಿ ಒಂದು ಗಳಿಗೆ ನಿಂತು ನೋಡಿದಳು.

"ನನ್ನದೊಂದು ಕರವಸ್ತ್ರಾನೂ ಒಗೆದೋರಲ್ಲ ಈ ಮನುಷ್ಯ," ಅಂದಳು ಹಾಲವ್ವನಿಗೆ. "ನಿನ್ನ ಕೆಲಸ ಮುಗಿದ ಮೇಲೆ ನಮ್ಮನೆಗೂ ಒಂದಿನ ಕಳಿಸಮ್ಮ."

ಹಾಲವ್ವ ಜರುಗಿ ಜಾಗ ಕೊಟ್ಟಳು. ಇಬ್ಬರೂ ಒಂದೇ ಸಂಚಿಯಿಂದ ಅಡಿಕೆ ತಿಂದರು. ಅರ್ಧ ಬೀದಿ ಸಪ್ಪೆ ಮುಖ ಹಾಕಿಕೊಂಡು ವಾಪಸು ಹೋಯಿತು.

ತಿಪ್ಪೇಶಿ ಮೆಲ್ಲಗೆ ಬಾಯಿ ಬಿಟ್ಟ.

"ಉಸ್ತಾದ್, ಜನ ಬರೋದೇ ಹೊಗೆ ನೋಡೋಕೆ. ಅದು ಇಂಜಿನ್ನಿನ ಜೋರಲ್ವಾ?"

"ಕೂಸಿನ ಬಾಯಲ್ಲಿ ತುತ್ತು ಇದ್ದಾಗಲೇ ಇನ್ನೊಂದು ತುತ್ತು ತುರುಕಿದ್ರೆ?"

"ಉಗುಳುತ್ತೆ."

ಉಸ್ತಾದರು ಪಂಚೆ ಹಿಂಡಿ ಅವನ ಹೆಗಲಿಗೆ ಹಾಕಿದರು.

"ಉರಿಯದೆ ಉಳಿದ ಡೀಸೆಲ್ಲೇ ಆ ಹೊಗೆ. ಹೋಗು, ಹರವು."

ಆ ವಾರವೆಲ್ಲ ತಿಪ್ಪೇಶಿ ಹೂಂ ಅನ್ನುವ ಮಾತೇ ಎತ್ತಲಿಲ್ಲ. ಭಾನುವಾರ ಉಸ್ತಾದರು ಬರಲಿಕ್ಕಿಲ್ಲ ಅಂದುಕೊಂಡಿದ್ದ. ಬಂದರು. ಪಕ್ಕದಲ್ಲಿ ಕೂತರು.

ಹೊಗೆಯ ವಿಡಿಯೋ ನೋಡಿ ಈ ಸಲ ಇನ್ನೂ ಹೆಚ್ಚು ಜನ ಬಂದಿದ್ದರು. ಕನ್ನಡಕದವಳೂ ಇದ್ದಳು. ತಿರುವಿನಲ್ಲಿ ಸಾಲು ಕಟ್ಟಿ, ಹೊಗೆ, ಹೊಗೆ ಅಂತ ಕೂಗಿದರು.

ತಿಪ್ಪೇಶಿ ಹಾರ್ನು ಹೊಡೆದ. ಹ್ಯಾಂಡಲು ಹಿಡಿದ.

ಒಂದು ಮೆಟ್ಟಿಲು ಏರಿಸಿದ. ಇಂಜಿನ್ನಿನ ಸದ್ದು ತುಂಬಿ ಬರುವ ತನಕ ಕಾದ. ಆಮೇಲೆ ಇನ್ನೊಂದು. ಮತ್ತೆ ಕಾದ.

ಚಿಮಣಿಯ ಮೇಲೆ ಗಾಳಿ ಸ್ವಲ್ಪ ಅಲುಗಿದ ಹಾಗೆ ಕಂಡಿತು, ಅಷ್ಟೇ. ಮುದುಕಿ ಗಂಟಲು ಕೂಡ ಸರಿಮಾಡಿಕೊಳ್ಳದೆ, ಹೊಸ ಸೊಸೆಯ ಹಾಗೆ ಸದ್ದಿಲ್ಲದೆ ಅವರ ಮುಂದೆ ಹಾದುಹೋದಳು.

ಕ್ಯಾಮೆರಾಗಳು ಕೆಳಗಿಳಿದವು. ಇವನ್ಯಾವ ಡ್ರೈವರ್ರು ಅಂದರು ಕೆಲವರು. ಕನ್ನಡಕದವಳು ಕಲ್ಲಿನ ಮೇಲೆ ಕೂತು ಫೋನು ನೋಡತೊಡಗಿದಳು.

ತಿಪ್ಪೇಶಿ ಲೆಕ್ಕ ಹಾಕಿದ. ಇವರು ಬರುವುದು ಬಿಟ್ಟರೆ ಭಾನುವಾರದ ಗಾಡಿಯೇ ನಿಂತೀತು. ಇಂಜಿನ್ನೇ ಇಲ್ಲದ ಮೇಲೆ ಹೂಂ ಇಟ್ಟುಕೊಂಡು ಏನು ಮಾಡುವುದು?

"ಉಸ್ತಾದ್, ಇವತ್ತು ಒಬ್ರೂ ಚಪ್ಪಾಳೆ ಹೊಡೀಲಿಲ್ಲ."

ಉಸ್ತಾದರು ಕಿಟಕಿಯಾಚೆ ಕತ್ತು ಚಾಚಿ ಹಿಂದಕ್ಕೆ ನೋಡುತ್ತಿದ್ದರು.

"ಹಾರ್ನು ಕೇಳಿ ಹಾಲವ್ವ ಬಟ್ಟೆ ಬಾಚಿಕೊಂಡು ಓಡ್ತಿದ್ದಳು. ನಿಂತಳು. ಈಗ ಮತ್ತೆ ಹರವ್ತಿದ್ದಾಳೆ."

ತಿಪ್ಪೇಶಿ ನೋಡಲು ತಿರುಗಿದ.

ಉಸ್ತಾದರು ಅವನ ಗಲ್ಲ ಹಿಡಿದು ಮುಖವನ್ನು ಹಳಿಯ ಕಡೆಗೆ ತಿರುಗಿಸಿದರು.

"ನೀನು ಮುಂದೆ ನೋಡು. ಬರೋ ಭಾನುವಾರ ನಾನು ಹಿಂದಿನ ಡಬ್ಬಿಯಲ್ಲಿ ಕೂತು ನಿದ್ದೆ ಮಾಡ್ತೀನಿ."