ಬೇರೆ ತೊಟ್ಟಿ

"ಬುದ್ಧಿ, ಹೊಸದಾಗಿ ಬಂದವರನ್ನು ಸ್ವಲ್ಪ ದಿನ ಬೇರೆ ಕೂರಿಸಿ ನೋಡುವುದು ತಪ್ಪೇ?" ಎಂದು ಮರುಳಯ್ಯ ಗುರುಗಳನ್ನು ಕೇಳಿದ.

ಮರುಳಯ್ಯ ಆ ಮಠದ ಊಟದ ಮನೆಯನ್ನು ನೋಡಿಕೊಳ್ಳುವ ಶಿಷ್ಯ. ಯಾರ ಎಲೆ ಎಲ್ಲಿ ಎಂದು ಗೊತ್ತುಮಾಡುವವನು ಅವನೇ. ಗುರುಗಳ ಎಲೆಯಿಂದ ಸಾಲು ಶುರುವಾಗಬೇಕು, ಉಳಿದವರು ಅದರ ಪಕ್ಕಕ್ಕೆ ಕೂರುತ್ತ ಹೋಗಬೇಕು. ಅದು ಅಲ್ಲಿಯ ಕಟ್ಟಳೆ. ಗುರುಗಳು ಒಂದು ವರ್ಷ ಸಂಚಾರದಲ್ಲಿದ್ದು ಹಿಂದಿನ ದಿನವಷ್ಟೇ ಮಠಕ್ಕೆ ಮರಳಿದ್ದರು. ಅವರು ಇಲ್ಲದಿದ್ದಾಗ ಓಬಳೇಶ ಎಂಬ ಯುವಕ ಓದಲೆಂದು ಬಂದು ಸೇರಿದ್ದ. ಅವನು ಯಾವ ಕೇರಿಯಲ್ಲಿ ಹುಟ್ಟಿದವನೆಂದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮರುಳಯ್ಯ ಅವನ ಎಲೆಯನ್ನು ಸಾಲಿನಿಂದ ದೂರ, ಬಾಗಿಲ ಹತ್ತಿರ ಹಾಕಿಸಿದ್ದ. ಸ್ವಲ್ಪ ದಿನ ಎಂದು ಹೇಳಿದ್ದ, ತಿಂಗಳುಗಳೇ ಕಳೆದಿದ್ದವು.

ಆ ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ಓಬಳೇಶ ಎದ್ದು ಅಂಗಳಕ್ಕೆ ಹೋಗಿ ನಿಂತ. ಸಾಲಿನಲ್ಲಿ ಎಲೆ ಹಾಕಿದರೆ ಉಣ್ಣುತ್ತೇನೆ, ಇಲ್ಲದಿದ್ದರೆ ಸಂಜೆಯ ಬಸ್ಸಿಗೆ ಹೊರಡುತ್ತೇನೆ ಎಂದ. ಮರುಳಯ್ಯ ಎಷ್ಟು ಹೇಳಿದರೂ ಒಳಗೆ ಬರಲಿಲ್ಲ. ಆಗಲೇ ಮರುಳಯ್ಯ ಗುರುಗಳ ಬಳಿಗೆ ಓಡಿದ್ದು.

ಪ್ರಶ್ನೆ ಕೇಳಿದ ಬೆನ್ನಿಗೇ ಮರುಳಯ್ಯ ಇನ್ನೊಂದು ಮಾತು ಸೇರಿಸಿದ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ಕೂಡ ಹೊಸ ಮೀನನ್ನು ಮೊದಲು ಬೇರೆ ಇಟ್ಟು ನೋಡುತ್ತಾರಂತೆ. ಭಕ್ತರೊಬ್ಬರು ಹೇಳಿದರಂತೆ. ಮೀನಿಗೇ ಅಷ್ಟು ಎಚ್ಚರ ಬೇಕಾದರೆ ಮನುಷ್ಯರಿಗೆ ಬೇಡವೇ ಎಂದ.

ಗುರುಗಳು ನಕ್ಕರು. "ನೀನು ಪ್ರಶ್ನೆ ಕೇಳಲು ಬಂದವನಲ್ಲ ಮರುಳಯ್ಯ. ಉತ್ತರವನ್ನು ಬೇಯಿಸಿಕೊಂಡೇ ಬಂದಿದ್ದೀಯ, ನಾನು ಬಡಿಸಬೇಕು ಅಷ್ಟೆ. ಆಗಲಿ. ಮೀನಿನ ಮಾತು ತೆಗೆದವನು ನೀನು, ಮೀನಿನ ಕತೆಯನ್ನೇ ಹೇಳುತ್ತೇನೆ. ಮುಖ ಸಿಂಡರಿಸಬೇಡ. ಇದು ತಿನ್ನುವ ಮೀನಲ್ಲ, ನೋಡುವ ಮೀನು."

ಹೀಗೆಂದು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವರ್ತಕನಿದ್ದ. ಅವನ ನಡುಮನೆಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ, ಅದರ ತುಂಬ ಬಣ್ಣದ ಮೀನು. ಅಂಗಡಿಯಿಂದ ಬಂದವನು ಮೊದಲು ಮಾತಾಡಿಸುತ್ತಿದ್ದುದು ಮೀನುಗಳನ್ನು, ಆಮೇಲೆ ಹೆಂಡತಿಯನ್ನು.

ಒಮ್ಮೆ ಅವನು ಫೋನಿನಲ್ಲಿ ಚಿತ್ರ ನೋಡಿ, ಆನ್‌ಲೈನ್‌ನಲ್ಲಿ ಹೇಳಿ, ದೂರದ ಊರಿನಿಂದ ಹೊಸ ಮೀನು ತರಿಸಿದ. ಥರ್ಮೋಕೋಲ್ ಪೆಟ್ಟಿಗೆಯೊಳಗೆ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಅವು ಬಂದವು. ಅವತ್ತು ಶುಕ್ರವಾರ. ಗಂಡ ಹೆಂಡತಿ ಇಬ್ಬರಿಗೂ ಸಡಗರ. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಹಾಗೆ ತೊಟ್ಟಿಗೆ ಅರಿಸಿನ ಕುಂಕುಮ ಹಚ್ಚಿದರು, ಆರತಿ ಎತ್ತಿದರು, ಚೀಲದ ನೀರಿನ ಸಮೇತ ಮೀನುಗಳನ್ನು ಒಳಗೆ ಸುರಿದರು. ವಾರ ಕಳೆಯುವುದರೊಳಗೆ ಹೊಸ ಮೀನುಗಳ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದಿತು. ಆಮೇಲೆ ಹಳೆಯವಕ್ಕೂ ಎದ್ದಿತು. ಒಂದೂ ಉಳಿಯಲಿಲ್ಲ. ವರ್ತಕ ಅಂಗಡಿಯ ಬಾಗಿಲು ಹಾಕಿಕೊಂಡು ಒಳಗೆ ಕೂತು ಅತ್ತ.

ಪೆಟ್ಟು ತಿಂದವನು ತಿಳಿದವರನ್ನು ಕೇಳಿ ಕಲಿತ. ಹೊಸ ಮೀನಿಗೆ ಬೇರೆ ತೊಟ್ಟಿ ಬೇಕು, ಬೇರೆ ಬಲೆ ಬೇಕು. ಅಲ್ಲಿ ಅದ್ದಿದ ಕೈಯನ್ನು ತೊಳೆಯದೆ ಇಲ್ಲಿ ಅದ್ದಬಾರದು. ಬಂದದ್ದನ್ನು ಕಾದು ನೋಡಿ, ರೋಗವಿಲ್ಲವೆಂದು ಗೊತ್ತಾದ ಮೇಲೆ ಸೇರಿಸಬೇಕು. ಇದು ಸರಿಯಾದ ಪಾಠ. ಮರುಳಯ್ಯ, ಇಲ್ಲಿಯವರೆಗೆ ನಿನ್ನ ಮಾತೇ ಗೆದ್ದಿತು. ಹಿಗ್ಗಬೇಡ, ಕತೆ ಇನ್ನೂ ಇದೆ.

ಅವನು ತೊಟ್ಟಿಯನ್ನು ತೊಳೆದು ಮತ್ತೆ ಒಂದಷ್ಟು ಮೀನು ಸಾಕಿಕೊಂಡ. ಅಷ್ಟರಲ್ಲಿ ಅವನ ಮಗ ತಾನು ಮೆಚ್ಚಿದ ಹುಡುಗಿಯನ್ನು ಮದುವೆಯಾಗಿ ಕರೆದುಕೊಂಡು ಬಂದ. ಬೇರೆ ಜಾತಿಯ ಹುಡುಗಿ. ವರ್ತಕ ಕೂಗಾಡಲಿಲ್ಲ, ಹೊರಗೆ ಹಾಕಲಿಲ್ಲ. ಹೊರಗೆ ಹಾಕುವವರಿಗಿಂತ ತಾನು ದೊಡ್ಡ ಮನಸ್ಸಿನವನೆಂದು ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಮಹಡಿಯ ಮೇಲೆ ಕೋಣೆ ಕೊಟ್ಟ, ಒಂದು ಒಲೆ ಕೊಟ್ಟ. ತಟ್ಟೆ ಲೋಟ ಬೇರೆ ಕೊಟ್ಟ. ಕೆಳಗಿನ ಅಡುಗೆಮನೆಗೂ ದೇವರ ಕೋಣೆಗೂ ಬರುವುದು ಬೇಡವೆಂದ. ಹೊಸ್ತಿಲ ಮೇಲೆ ಅಕ್ಕಿಯ ಸೇರು ಇಡಲಿಲ್ಲ, ಆರತಿ ಎತ್ತಲಿಲ್ಲ. ಮೀನಿಗೆ ಎತ್ತಿದ್ದ ಆರತಿ ಸೊಸೆಗಿಲ್ಲ, ನೆನಪಿಟ್ಟುಕೋ. ಯಾವಾಗ ಕೆಳಗೆ ಕರೆಯುತ್ತೀರಿ ಎಂದು ಮಗ ಕೇಳಿದ್ದಕ್ಕೆ, ಸ್ವಲ್ಪ ದಿನ ಇರಲಿ, ನೋಡೋಣ ಎಂದ.

ಮಗ ಮತ್ತೆ ಕೇಳಲಿಲ್ಲ. ಅವನು ಮೇಲೆಯೂ ಉಣ್ಣುತ್ತಿದ್ದ, ಕೆಳಗೂ ಉಣ್ಣುತ್ತಿದ್ದ. ಎರಡು ಕಡೆಯೂ ಬಾಯಿ ತೆರೆಯುತ್ತಿದ್ದುದು ತುತ್ತಿಗೆ ಮಾತ್ರ. ಹುಡುಗಿ ತವರಿನಿಂದ ತಂದ ಸೀರೆಗಳನ್ನು ಬೀರುವಿಗೆ ಜೋಡಿಸಲಿಲ್ಲ. ಆ ಮನೆಯಲ್ಲಿ ತಾನು ಇರುವವಳೋ ಹೋಗುವವಳೋ ಅವಳಿಗೇ ತಿಳಿದಿರಲಿಲ್ಲ.

ವರ್ಷ ತುಂಬುತ್ತ ಬಂತು. ವರ್ತಕ ಮತ್ತೆ ಆನ್‌ಲೈನ್‌ನಲ್ಲಿ ಮೀನು ತರಿಸಿದ. ಈ ಸಲ ಬೇರೆ ತೊಟ್ಟಿಯನ್ನು ಮೊದಲೇ ಸಿದ್ಧ ಮಾಡಿ, ಮಹಡಿಯ ಮೇಲೆ ಸೊಸೆಯ ಕೋಣೆಯ ಹೊರಗೆ ಇರಿಸಿದ. ಹೊಸಬರೆಲ್ಲ ಒಂದು ಕಡೆ ಇರಲಿ ಎಂದುಕೊಂಡನೋ ಇಲ್ಲವೋ, ಆದದ್ದು ಹಾಗೆ. ಹಗಲೆಲ್ಲ ಅವನು ಅಂಗಡಿಯಲ್ಲಿರುತ್ತಿದ್ದುದರಿಂದ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಹೀಗಾಗಿ ಸೊಸೆಯನ್ನು ಕರೆದು ಹೇಳಿಕೊಟ್ಟ. ಅವಳೊಂದಿಗೆ ಅವನು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಚೀಲವನ್ನು ಬಿಚ್ಚದೆ ನೀರಿನ ಮೇಲೆ ತೇಲಿಬಿಡಬೇಕು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬರಬೇಕು ಎಂದ. ಆಮೇಲೆ ಚೀಲದ ಬಾಯಿ ಬಿಚ್ಚಿ ತೊಟ್ಟಿಯ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿಸಿದ. ಮೀನನ್ನು ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಡಿಸಿದ, ಚೀಲದ ನೀರನ್ನು ಚೆಲ್ಲಿಸಿದ. ಇವತ್ತು ದೀಪ ಹಾಕಬೇಡ, ಗಾಜು ತಟ್ಟಬೇಡ, ದೂರದಿಂದ ಬಂದಿವೆ, ಬೆದರಿರುತ್ತವೆ ಎಂದ. ಎಷ್ಟು ಮೆತ್ತಗೆ ಹೇಳಿದನೆಂದರೆ ಅದನ್ನು ಕೇಳಿ ಅವಳ ಹೊಟ್ಟೆ ಉರಿಯಿತು. ತಾನು ಬಂದ ದಿನ ಈ ಮನೆಯಲ್ಲಿ ಯಾರೂ ಅಷ್ಟು ಮೆತ್ತಗೆ ಮಾತಾಡಿರಲಿಲ್ಲ.

ಎಷ್ಟು ದಿನ ಹೀಗೆ ಬೇರೆ ಇಡಬೇಕೆಂದು ಅವಳು ಕೇಳಿದಳು.

"ಒಂದು ತಿಂಗಳು ಕಣಮ್ಮ. ಬೇಡ ಅಂತ ಬೇರೆ ಇಡೋದಲ್ಲ, ಸೇರಿಸ್ಕೊಳ್ಳೋಕೇ ಬೇರೆ ಇಡೋದು" ಎಂದ ವರ್ತಕ.

ಇದಕ್ಕಿಂತ ಒಳ್ಳೆಯ ಮಾತನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ. ಆಡಿದ್ದು ಅವನಿಗೆ ಗೊತ್ತಾಗಲಿಲ್ಲ, ಕೇಳಿದವಳಿಗೆ ಗೊತ್ತಾಯಿತು.

ಅವಳು ಮೀನುಗಳನ್ನು ಚೆನ್ನಾಗಿ ನೋಡಿಕೊಂಡಳು. ನೀರು ಬದಲಿಸಿದಳು, ಹಿಡಿತ ಮಾಡಿ ಊಟ ಹಾಕಿದಳು, ಮೈಮೇಲೆ ಚುಕ್ಕೆ ಎದ್ದಿದೆಯೇ, ಗಾಜಿಗೆ ಮೈ ಉಜ್ಜುತ್ತಿವೆಯೇ ಎಂದು ಬಗ್ಗಿ ಬಗ್ಗಿ ನೋಡಿದಳು. ಏನೂ ಇರಲಿಲ್ಲ. ತಿಂಗಳು ಮುಗಿಯುತ್ತ ಬಂದಾಗ ವರ್ತಕ ಕೆಳಗಿನ ತೊಟ್ಟಿಯ ಹಳೆಯ ಮೀನೊಂದನ್ನು ತಂದು ಇವುಗಳ ಜೊತೆ ಬಿಟ್ಟ. ಅದು ಕೊನೆಯ ಪರೀಕ್ಷೆ. ಒಳಗಿನದೊಂದು ಹೊಸಬರ ಜೊತೆ ಇದ್ದು ಉಂಡರೂ ಅದಕ್ಕೆ ರೋಗ ಬರದಿದ್ದರೆ, ಆಮೇಲೆ ಅನುಮಾನ ಪಡಬೇಕಾಗಿಲ್ಲ. ಅದಕ್ಕೆ ರೋಗ ಬರಲಿಲ್ಲ.

ವರ್ತಕನಿಗೆ ಹಿಗ್ಗೋ ಹಿಗ್ಗು. ಮತ್ತೊಂದು ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ ಮಹಡಿ ಹತ್ತಿದ. ಕೆಳಗೆ ಅವನ ಹೆಂಡತಿ ತೊಟ್ಟಿಗೆ ಕುಂಕುಮ ಹಚ್ಚಿ ಆರತಿಯ ತಟ್ಟೆ ಹಿಡಿದು ನಿಂತಿದ್ದಳು. ಬಲೆ ತಾರಮ್ಮ, ಇವತ್ತು ಇವುಗಳನ್ನು ಮನೆ ತುಂಬಿಸಿಕೊಳ್ಳೋಣ ಎಂದು ಸೊಸೆಗೆ ಹೇಳಿದ.

ಸೊಸೆ ಬಲೆ ಕೊಡಲಿಲ್ಲ. ತೊಟ್ಟಿಯ ಬಾಯಿಗೆ ಹಲಗೆ ಮುಚ್ಚಿ, ಅದರ ಮೇಲೆ ಕೈಯಿಟ್ಟು ನಿಂತಳು. ಸ್ವಲ್ಪ ದಿನ ಇರಲಿ ಮಾವ, ನೋಡೋಣ ಎಂದಳು.

ವರ್ತಕನಿಗೆ ಗಾಬರಿಯಾಯಿತು. ಏನು ಕಂಡೆ, ಯಾವುದಕ್ಕೆ ಚುಕ್ಕೆ ಎದ್ದಿದೆ ತೋರಿಸು ಎಂದ.

"ಯಾವುದಕ್ಕೂ ಇಲ್ಲ ಮಾವ. ಒಳಗಿನ ಮೀನೊಂದನ್ನ ಇವುಗಳ ಜೊತೆ ಬಿಟ್ರಿ, ಅದಕ್ಕೇನೂ ಆಗ್ಲಿಲ್ಲ, ಒಪ್ಕೊಂಡ್ರಿ. ನಿಮ್ಮ ಮಗ ನನ್ನ ಕೈಲಿ ಉಣ್ತಾ ವರ್ಷ ಆಯ್ತು. ಅವರ ಮೈಮೇಲೆ ಯಾವ ಚುಕ್ಕೆ ಎದ್ದಿದೆ?"

ವರ್ತಕ ಎಲ್ಲರೂ ಹೇಳುವುದನ್ನೇ ಹೇಳಿದ. ಮೀನಿನ ಮಾತು ಬೇರೆ, ಮನುಷ್ಯರ ಮಾತು ಬೇರೆ ಎಂದ. ಹೌದು, ಮೀನಿಗೆ ಕೇಳಲು ಬಾಯಿಲ್ಲ, ನನಗಿದೆ ಎಂದಳು ಅವಳು. ಅವನಿಗೆ ಸಿಟ್ಟು ನೆತ್ತಿಗೇರಿತು. ಮನೆ ನನ್ನದು, ಮೀನು ನನ್ನದು, ತೊಟ್ಟಿ ನನ್ನದು, ಹಲಗೆ ತೆಗೆ ಎಂದು ಕೂಗಿದ. ಕೂಗು ಕೇಳಿ ಮಗನೂ ಮೆಟ್ಟಿಲ ಬುಡಕ್ಕೆ ಬಂದು ನಿಂತ. ಎಲ್ಲವೂ ನಿಮ್ಮದೇ, ಈ ಕೈ ಮಾತ್ರ ನನ್ನದು ಎಂದಳು. ಕೈ ತೆಗೆಯಲಿಲ್ಲ.

ಅವನು ದನಿ ತಗ್ಗಿಸಿ ಬೇರೆ ದಾರಿ ಹಿಡಿದ. ಈಗ ಮೀನು ಇಳಿಯಲಿ, ನಿನ್ನ ವಿಷಯ ನಿಧಾನವಾಗಿ ಮಾತಾಡೋಣ, ನಿನ್ನ ಅತ್ತೆಗೂ ಸ್ವಲ್ಪ ಸಮಯ ಬೇಕು, ನಾಲ್ಕು ಜನರೂ ಏನೆಂದುಕೊಳ್ಳುತ್ತಾರೋ ನೋಡಬೇಕು ಎಂದ. ಅವಳು ಎಲ್ಲವನ್ನೂ ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಆದರೆ ಮಾತು ನಡುಗಲಿಲ್ಲ.

"ಮೀನಿಗೆ ತಿಂಗಳು ಅಂತ ಗೊತ್ತು ಮಾಡಿದ್ರಿ, ತಿಂಗಳಿಗೆ ಸರಿಯಾಗಿ ಬಲೆ ತಗೊಂಡು ಬಂದ್ರಿ. ನನಗೆ ಯಾವ ದಿನ ಅಂತ ಗೊತ್ತು ಮಾಡಿದೀರಿ? ಇವು ಕೆಳಗಿಳಿಯೋ ದಿನ ನಾನೂ ಇಳೀತೀನಿ. ಅಡುಗೆಮನೆಗೋ ಬೀದಿಗೋ, ನೀವೇ ಹೇಳಿ."

ಕೆಳಗೆ ಆರತಿಯ ತಟ್ಟೆ ಹಿಡಿದವಳು ಹಿಡಿದೇ ಇದ್ದಳು. ಮಗ ತಲೆ ತಗ್ಗಿಸಿದ. ವರ್ತಕ ಒಂದು ಮೆಟ್ಟಿಲು ಇಳಿದು ನಿಂತ. ಮತ್ತೆ ಹತ್ತಲಿಲ್ಲ, ಇನ್ನೊಂದು ಮೆಟ್ಟಿಲು ಇಳಿಯಲೂ ಇಲ್ಲ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು.

ಊಟದ ಮನೆಯಲ್ಲಿ ಎಲೆಗಳ ಮುಂದೆ ಕೂತವರು ಗುರುಗಳು ಬರಲೆಂದು ಕಾಯುತ್ತಿದ್ದರು. ಅಂಗಳದಲ್ಲಿ ಓಬಳೇಶ ಹೆಗಲಿಗೆ ಚೀಲ ಹಾಕಿಕೊಂಡು ಬಿಸಿಲಲ್ಲೇ ನಿಂತಿದ್ದ.

"ಆಮೇಲೆ ವರ್ತಕ ಏನು ಮಾಡಿದ, ಬುದ್ಧಿ?" ಎಂದು ಮರುಳಯ್ಯ ಮೆಲ್ಲಗೆ ಕೇಳಿದ.

ಗುರುಗಳು ಎದ್ದು ಊಟದ ಮನೆಯ ಕಡೆ ಹೊರಟರು.

"ವರ್ತಕನ ಮಾತು ಹಾಗಿರಲಿ, ಇವತ್ತು ನನ್ನ ಎಲೆಯನ್ನು ಬಾಗಿಲ ಹತ್ತಿರ ಓಬಳೇಶನ ಪಕ್ಕದಲ್ಲಿ ಹಾಕಿ ಅಲ್ಲಿಂದ ಸಾಲು ಶುರುಮಾಡು, ನನ್ನ ಮೈಮೇಲೆ ಚುಕ್ಕೆ ಏಳುತ್ತದೋ, ಸ್ವಲ್ಪ ದಿನ ನೋಡೋಣ."

ಮರುಳಯ್ಯ ಬಾಗಿಲ ಹತ್ತಿರ ಗುರುಗಳ ಎಲೆ ಹಾಕಿ, ಓಬಳೇಶನನ್ನು ಕರೆಯಲು ಅಂಗಳಕ್ಕೆ ಇಳಿದ.